ಗೆಳತಿಯ ಬಗ್ಗೆ ಎರಡು ನಿಮಿಷ

ಚರ್ಚಿನಲ್ಲಿ ಟೀಚರ ಮರಣದ ಪೂಜೆ ಮುಗಿದು, ಶವದ ಪೆಟ್ಟಿಗೆಯನ್ನು ಇನ್ನೇನು ಎತ್ತಬೇಕು ಎನ್ನುವಾಗ ಡೈರೆಕ್ಟರ್ ಮೇಡಂ ಮೈಕಿನ ಹತ್ತಿರ ಹೋಗಿ ನಿಂತರು. ಕಪ್ಪು ಸೀರೆ, ಕೈಯಲ್ಲಿ ಮೊಬೈಲು. ಮೊಬೈಲು ನೋಡಿಕೊಂಡೇ ಶುರು ಮಾಡಿದರು: 'ಐ ವುಡ್ ಲೈಕ್ ಟು ಟಾಕ್ ಅಬೌಟ್ ಮೈ ಬೆಸ್ಟ್ ಫ್ರೆಂಡ್. ಶೀ ವಾಸ್ ಎ ವೆರಿ ಕೈಂಡ್ ಆಂಡ್ ಹೆಲ್ಪ್‌ಫುಲ್ ಪರ್ಸನ್.' ಅಷ್ಟು ಕೇಳಿದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. ಆ ವಾಕ್ಯಗಳು ನನಗೆ ಬಾಯಿಪಾಠ. ಕಂಕನಾಡಿಯ ನಮ್ಮ ಕೋಚಿಂಗ್ ಸೆಂಟರಿನಲ್ಲಿ ವಿದೇಶಕ್ಕೆ ಹೊರಟ ನರ್ಸು ಹುಡುಗಿಯರಿಗೆ ಉರು ಹೊಡೆಸಿದ ವಾಕ್ಯಗಳು ಅವು. ಟೀಚರಿಗೂ ಅವುಗಳಿಗೂ ಆಗಿಬರುತ್ತಿರಲಿಲ್ಲ. ಬದುಕಿದ್ದಾಗ ಅವರು ಯಾವ ಮಾತುಗಳನ್ನು ಕ್ಲಾಸಿನ ಬಾಗಿಲಿನಿಂದ ಹೊರಗೆ ಅಟ್ಟಿದ್ದರೋ ಅದೇ ಮಾತುಗಳನ್ನು ಈ ಹೆಂಗಸು ಅವರ ತಲೆಯ ಹತ್ತಿರ ನಿಂತು ಓದುತ್ತಿದ್ದರು. 'ಆಲ್ವೇಸ್ ವಿತ್ ಎ ಸ್ಮೈಲ್' ಎನ್ನುವಲ್ಲಿಗೆ ನಾನು ಎದ್ದು ಇಗರ್ಜಿಯಿಂದ ಹೊರಗೆ ಬಂದೆ.

ಸ್ಮೈಲಂತೆ! ಟೀಚರ್ ನಕ್ಕದ್ದನ್ನು ನೋಡಿದವರು ಅವರಿದ್ದ ಜೆಪ್ಪುವಿನಲ್ಲಿ ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ. ಅವರ ಮುಖ ಯಾವಾಗಲೂ ಬಸ್ಸು ತಪ್ಪಿಸಿಕೊಂಡವರ ಮುಖ. ನಗು ಬಂದರೆ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಲು ತೊಡಗುತ್ತಿದ್ದರು, ಅಷ್ಟರಿಂದಲೇ ನಾವು ತಿಳಿದುಕೊಳ್ಳಬೇಕು. ಗೆಳತಿ ಎಂದು ಹೇಳಿಕೊಂಡವರಿಗೆ ಅಷ್ಟಾದರೂ ಗೊತ್ತಿರಬೇಡವೇ?

ಟೀಚರ ಹೆಸರನ್ನು ನಾನು ಇಲ್ಲಿ ಹಾಕುವುದಿಲ್ಲ. ಅದೂ ಅವರದ್ದೇ ಕಟ್ಟಪ್ಪಣೆ. ಗೆಳತಿಯ ಬಗ್ಗೆ ಮಾತಾಡಿ ಎಂದರೆ ಹುಡುಗಿಯರು 'ಹರ್ ನೇಮ್ ಈಸ್' ಎಂದು ಶುರು ಮಾಡುತ್ತಿದ್ದರು. ಟೀಚರ್ ಕೈ ಎತ್ತಿ ನಿಲ್ಲಿಸುತ್ತಿದ್ದರು. "ಹೆಸರು ಬೇಡ. ಅವಳು ಎಂತ ಮಾಡ್ತಾಳೆ, ಹೇಗೆ ಕೂತುಕೊಳ್ತಾಳೆ, ಯಾವುದಕ್ಕೆ ಜಗಳ ಮಾಡ್ತಾಳೆ, ಅದು ಹೇಳು. ಕೇಳಿದವರು ನಾಳೆ ಅವಳನ್ನು ಬಸ್‌ಸ್ಟ್ಯಾಂಡಲ್ಲಿ ನೋಡಿದ್ರೆ, ಓ ಇವಳೇ, ಅನ್ನಬೇಕು. ಹಾಗೆ ಹೇಳ್ಲಿಕ್ಕೆ ಆಗದಿದ್ರೆ ಅವಳು ನಿನ್ನ ಫ್ರೆಂಡ್ ಅಲ್ಲ, ನಿನ್ನ ಪರಿಚಯದವಳು." ಹಾಗಾಗಿ ಹೆಸರಿಲ್ಲದೆ ಹೇಳುತ್ತೇನೆ. ಜೆಪ್ಪುವಿನವರಿಗೆ ಗುರುತು ಸಿಕ್ಕಿಯೇ ಸಿಗುತ್ತದೆ.

ಗಿಡ್ಡ ಆಳು. ಮಳೆಯಿರಲಿ ಬಿಸಿಲಿರಲಿ ಗಂಡಸರ ಉದ್ದ ಕೋಲಿನ ಕೊಡೆ. ಬಸ್ಸಿನಲ್ಲಿ ಯಾರಾದರೂ ಸೀಟು ಬಿಟ್ಟುಕೊಟ್ಟರೆ "ನನಗೆ ಅಷ್ಟು ವಯಸ್ಸಾಗಿದೆಯಾ?" ಎಂದು ಅವರನ್ನೇ ಕೂರಿಸುತ್ತಿದ್ದರು. ಕಾನ್ವೆಂಟ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಿಯಾದವರು, ಮದುವೆಯಾಗಿರಲಿಲ್ಲ, ತಂಗಿಯ ಜೊತೆ ಜೆಪ್ಪುವಿನ ಹಂಚಿನ ಮನೆಯಲ್ಲಿದ್ದರು. ನಿವೃತ್ತಿಯ ನಂತರ ಕಂಕನಾಡಿಯ ಸೆಂಟರಿಗೆ ಬಂದದ್ದು ಡೈರೆಕ್ಟರ್ ಮೇಡಂ ಕರೆದರು ಎಂಬ ಒಂದೇ ಕಾರಣಕ್ಕೆ. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಬೆಂಚಿನವರು. ಮೇಡಂ ಗಂಡನ ಜೊತೆ ಗಲ್ಫಿನಲ್ಲಿ ಬಹಳ ವರ್ಷ ಇದ್ದು, ಊರಿಗೆ ಬಂದು ಈ ಸೆಂಟರ್ ತೆರೆದವರು. ನಾವೆಲ್ಲ ಅವರನ್ನು ಎದ್ದು ನಿಂತು ಮಾತಾಡಿಸುವಾಗ ಟೀಚರ್ ಮಾತ್ರ ಮನೆಯಲ್ಲಿ ಕರೆಯುವ ಹೆಸರಿನಿಂದ, ಅದೂ ವರಾಂಡದಿಂದಲೇ ಕೂಗಿ ಕರೆಯುತ್ತಿದ್ದರು. ಮೇಡಂ ಮುಖ ಚಿಕ್ಕದು ಮಾಡಿಕೊಳ್ಳುತ್ತಿದ್ದರು. ಟೀಚರಿಗೆ ಅದು ಕಾಣುತ್ತಲೇ ಇರಲಿಲ್ಲ. ಅರಶಿನ ಎಲೆಯ ಕಡುಬು ಮಾಡಿದ ದಿನ ಮೊದಲ ಪಾಲು ಸ್ಟೀಲ್ ಡಬ್ಬಿಯಲ್ಲಿ ಮೇಡಂನ ಮೇಜಿಗೆ ಬರುತ್ತಿತ್ತು. ಉಳಿದರೆ ನಮಗೆ.

ನಾನು ಅಲ್ಲಿ ಬರವಣಿಗೆಯ ಕ್ಲಾಸು ತೆಗೆದುಕೊಳ್ಳುತ್ತಿದ್ದೆ. ಪಣಂಬೂರಿನ ಕಡೆಯ ಮೀನುಗಾರರ ಮನೆಯವಳು, ಮನೆಯಲ್ಲಿ ತುಳು, ಇಂಗ್ಲಿಷನ್ನು ಗೈಡ್ ಓದಿ ಕಲಿತವಳು. ಸೇರಿದ ಮೊದಲ ವಾರವೇ ಟೀಚರ್ ನನ್ನನ್ನು ಖಾಲಿ ಕ್ಲಾಸಿನಲ್ಲಿ ಕೂರಿಸಿ, "ನಿನ್ನ ಒಬ್ಬ ಫ್ರೆಂಡ್ ಬಗ್ಗೆ ಎರಡು ನಿಮಿಷ ಮಾತಾಡು" ಎಂದರು. ವಿದೇಶಕ್ಕೆ ಹೋಗುವ ನರ್ಸುಗಳು ಪಾಸಾಗಬೇಕಾದ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗದಲ್ಲಿ ಹೀಗೇ ಕೇಳುತ್ತಾರೆ. ಒಂದು ಚೀಟಿ ಕೊಡುತ್ತಾರೆ, ಅದರಲ್ಲಿ ವಿಷಯ ಇರುತ್ತದೆ, ಎರಡು ನಿಮಿಷ ಪರೀಕ್ಷಕರ ಎದುರು ಮಾತಾಡಬೇಕು. ಗೆಳತಿಯ ವಿಷಯ ಮತ್ತೆ ಮತ್ತೆ ಬರುತ್ತದೆ. ನಾನು ಹುರುಪಿನಿಂದ ಕೈಂಡ್, ಹೆಲ್ಪ್‌ಫುಲ್, ಆನೆಸ್ಟ್ ಎಂದು ಸುರಿದೆ.

"ಇದು ಯಾರು?" ಎಂದು ಟೀಚರ್ ಕೇಳಿದರು. "ಕ್ಯಾರೆಕ್ಟರ್ ಸರ್ಟಿಫಿಕೇಟ್ ಓದಿದ ಹಾಗೆ ಉಂಟು. ಹೆಲ್ಪ್‌ಫುಲ್ ಅಂದ್ಯಲ್ಲ, ಅವಳು ನಿನಗೆ ಎಂತ ಹೊತ್ತು ತಂದುಕೊಟ್ಟಳು?"

ನನಗೆ ಸಿಟ್ಟು ಬಂತು. ಸಿಟ್ಟಿನ ಭರದಲ್ಲಿ ನಿಜವಾದ ಗೆಳತಿಯೊಬ್ಬಳ ಹೆಸರೆತ್ತಿದೆ. ಸುರತ್ಕಲ್‌ನವಳು, ಕಾಲೇಜಿನ ಜೊತೆಗಾತಿ. ನನಗೆ ನಿಶ್ಚಯವಾಗುತ್ತಿದ್ದ ಸಂಬಂಧದವರ ಹತ್ತಿರ ನನ್ನ ಬಗ್ಗೆ ಇಲ್ಲದ್ದು ಹೇಳಿ ಅದನ್ನು ಮುರಿದವಳು. 'ಶೀ ವಾಸ್ ಮೈ ಫ್ರೆಂಡ್' ಎಂದು ಆರಂಭಿಸಿ ಅವಳ ಜಾತಕ ಬಿಡಿಸಿಟ್ಟೆ. ಇಂಗ್ಲಿಷ್ ಆ ದಿನ ನೀರಿನ ಹಾಗೆ ಬಂತು. ಟೀಚರ್ ಪೂರ್ತಿ ಕೇಳಿ, "ಸತ್ತಿದ್ದಾಳಾ?" ಎಂದರು.

"ಇಲ್ಲ."

"ಮತ್ತೆ ವಾಸ್ ಯಾಕೆ? ಇರಲಿ. ಇದನ್ನೆಲ್ಲ ಅವಳಿಗೆ ಹೇಳಿದ್ದೀಯಾ?"

"ಇಲ್ಲ. ಅವಳ ಮುಖ ನೋಡ್ಲಿಕ್ಕೂ ನನಗೆ ಮನಸ್ಸಿಲ್ಲ."

"ಅವಳಿಗೆ ಹೇಳದ್ದನ್ನು ನನಗೆ ಹೇಳಿದ್ದು ಎಂತಕ್ಕೆ? ನೋಡು, ಫ್ರೆಂಡ್ ಬಗ್ಗೆ ಮಾತಾಡುವಾಗ ಅವಳು ಬಾಗಿಲ ಹಿಂದೆ ನಿಂತಿದ್ದಾಳೆ ಅಂತ ಇಟ್ಟುಕೊಂಡು ಮಾತಾಡ್ಬೇಕು. ಕೆಟ್ಟದ್ದು ಹೇಳ್ಲಿಕ್ಕೆ ಉಂಟಾ, ಬಾಗಿಲು ತೆಗೆದು ಅವಳ ಮುಖಕ್ಕೇ ಹೇಳು. ಪೂರ್ತಿ ಹೇಳು, ಒಂದೂ ಬಿಡ್ಬೇಡ. ಬೇರೆಯವರ ಹತ್ತಿರ ಒಂದು ಶಬ್ದವೂ ಬೇಡ. ಇದು ಇಂಗ್ಲಿಷಿಗೆ ಮಾತ್ರ ಅಲ್ಲ, ಎಲ್ಲ ಭಾಷೆಗೂ ಹೀಗೆಯೇ."

ನಾನು ಉರಿದುಕೊಂಡೇ ಎದ್ದು ಬಂದೆ. ಆದರೆ ಆ ಭಾನುವಾರ ಸುರತ್ಕಲ್‌ನ ಬಸ್ಸು ಹತ್ತಿದೆ. ಅವಳ ಮನೆಯ ಅಂಗಳದಲ್ಲಿ ನಿಂತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿದೆ. ಅವಳೂ ಬಿಡಲಿಲ್ಲ. ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬಂದರು. ಕೊನೆಗೆ ಇಬ್ಬರಿಗೂ ಗಂಟಲು ಒಣಗಿ, ಅವಳ ಅಮ್ಮ ಮಜ್ಜಿಗೆ ತಂದುಕೊಟ್ಟರು. ಈಗಲೂ ನಾವು ಫೋನಿನಲ್ಲಿ ಮಾತಾಡುತ್ತೇವೆ. ಮೊದಲಿನ ಹಾಗೆ ಇಲ್ಲ, ಆದರೆ ಮಾತಾಡುತ್ತೇವೆ.

ಟೀಚರ ಕ್ಲಾಸಿನ ಹುಡುಗಿಯರು ಅವರಿಗೆ ಹೆದರುತ್ತಿದ್ದರು. ಹೊಗಳಿಕೆ ಅವರ ಬಾಯಿಂದ ಬರುತ್ತಲೇ ಇರಲಿಲ್ಲ. ತಪ್ಪು ಮಾಡಿದವಳನ್ನು ಎಲ್ಲರೆದುರು ಹಿಡಿದು ಜಾಡಿಸುತ್ತಿದ್ದರು. 'ಮೈ ಬೆಸ್ಟ್ ಫ್ರೆಂಡ್' ಎಂದರೆ "ಬೆಸ್ಟ್ ಇದ್ರೆ ಸೆಕೆಂಡ್ ಯಾರು, ಥರ್ಡ್ ಯಾರು, ಕಪ್ ಕೊಡ್ಲಿಕ್ಕೆ ಉಂಟಾ?" ಎಂದು ಕೇಳುತ್ತಿದ್ದರು. ಒಮ್ಮೆ ಬೆಂಗ್ರೆಯ ಹುಡುಗಿಯೊಬ್ಬಳು ಮಾತು ಬರದೆ ನಿಂತಳು. ಟೀಚರ್ ಕೊಡೆಯ ಕೋಲನ್ನು ನೆಲಕ್ಕೆ ಕುಟ್ಟಿ, "ನಿನ್ನ ಫ್ರೆಂಡ್ ನಿನ್ನೆ ಮಧ್ಯಾಹ್ನ ಎಂತ ಮಾಡಿದಳು?" ಎಂದರು. ಹುಡುಗಿ ತಡವರಿಸುತ್ತ, 'ಶೀ ಈಟ್ಸ್ ಮೈ ಟಿಫಿನ್. ಶೀ ಗಿವ್ಸ್ ಮಿ ಹರ್ ಟಿಫಿನ್. ಹರ್ ಟಿಫಿನ್ ಈಸ್ ವೆರಿ ಬ್ಯಾಡ್. ಐ ಈಟ್' ಎಂದಳು. ಟೀಚರ್ ಕನ್ನಡಕ ತೆಗೆದು ಒರೆಸಲು ತೊಡಗಿದರು. ಒರೆಸಿದರು, ಒರೆಸಿದರು, ಆಮೇಲೆ "ಇನ್ನೂ ಹೇಳು" ಎಂದರು. ಆ ಹುಡುಗಿ ಆ ದಿನ ಬೆಲ್ಲು ಹೊಡೆದರೂ ನಿಲ್ಲಿಸಲಿಲ್ಲ.

ಇಷ್ಟು ಕಷ್ಟಪಟ್ಟು ಒಬ್ಬೊಬ್ಬಳ ಬಾಯಿಂದ ಅವಳದ್ದೇ ಮಾತು ಹೊರಡಿಸುತ್ತಿದ್ದರು. ಮೇಡಂಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇರಲಿಲ್ಲ. ಆ ಪರೀಕ್ಷೆಯಲ್ಲಿ ಅಂಕಕ್ಕೆ ಬ್ಯಾಂಡ್ ಎನ್ನುತ್ತಾರೆ. ಸೆಂಟರಿನ ಹೊರಗಿನ ಫ್ಲೆಕ್ಸಿನಲ್ಲಿ ಒಳ್ಳೆಯ ಬ್ಯಾಂಡ್ ಬಂದ ಹುಡುಗಿಯರ ಫೋಟೋ ಹಾಕಬೇಕು, ಹೊಸ ಬ್ಯಾಚು ತುಂಬಬೇಕು. ಸ್ಟಾಫ್ ರೂಮಿನಲ್ಲಿ ನನ್ನೆದುರೇ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು.

"ಅವರಿಗೆ ಫ್ರೆಂಡ್ ಬೇಡ ಮಾರಾಯ್ತಿ, ಬ್ಯಾಂಡ್ ಬೇಕು" ಎಂದರು ಮೇಡಂ. "ಒಂದು ಒಳ್ಳೆ ಉತ್ತರ ಬರೆದು ಕೊಟ್ಟುಬಿಡುವ. ಕಲ್ತುಕೊಳ್ತಾರೆ, ಹೇಳ್ತಾರೆ, ಹೋಗ್ತಾರೆ."

"ಇಲ್ಲದ ಫ್ರೆಂಡನ್ನು ಕಲ್ತು ಹೇಳ್ಲಿಕ್ಕೆ ಆಗುದಿಲ್ಲ. ಎಲ್ಲರೂ ಅದನ್ನೇ ಹೇಳಿದ್ರೆ ಸಿಕ್ಕಿಬೀಳ್ತಾರೆ. ನನ್ನ ಕ್ಲಾಸಿಗೆ ಅದು ಬೇಡ."

"ಆಯ್ತು ಮಾರಾಯ್ತಿ, ನಿನ್ನ ಇಷ್ಟ" ಎಂದರು ಮೇಡಂ. ಟೀಚರ್ ಅದನ್ನು ನಂಬಿದರು. ಮಾತು ಕೊಟ್ಟದ್ದು ಗೆಳತಿಯಲ್ಲವೇ!

ಮೇಡಂ ಮಾಡಿದ್ದು ಏನು ಗೊತ್ತೇ? ಹಾಸ್ಟೆಲಿನ ಹುಡುಗಿಯರ ವಾಟ್ಸಾಪ್ ಗುಂಪಿಗೆ ತಮ್ಮದೇ ದನಿಯಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಿದರು. ಟೀಚರ್ ಆ ಗುಂಪಿನಲ್ಲಿ ಇರಲಿಲ್ಲ, ಅವರ ಮೊಬೈಲು ಒತ್ತುವ ಗುಂಡಿಗಳದ್ದು. ಮೆಸೇಜಿನಲ್ಲಿ ಅನಿತಾ ಎಂಬ ಗೆಳತಿ. ಎತ್ತರ, ಗುಂಗುರು ಕೂದಲು, ರೈಲ್ವೆ ಸ್ಟೇಷನ್ನಿನಲ್ಲಿ ಪರಿಚಯ, ವೀಣೆ ನುಡಿಸುತ್ತಾಳೆ, ಬಡ ಮಕ್ಕಳಿಗೆ ಪಾಠ ಹೇಳುತ್ತಾಳೆ, ಯಾವಾಗಲೂ ನಗುಮುಖ. ಹುಡುಗಿಯರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಸ್ಸಿನಲ್ಲಿ, ವಾರ್ಡಿನಲ್ಲಿ, ಸ್ನಾನದ ಕ್ಯೂವಿನಲ್ಲಿ ತುಟಿ ಆಡಿಸುತ್ತ ಅನಿತಾಳನ್ನು ಕಲಿತರು. ಹೆದರಿದವರು ಏನು ತಾನೇ ಮಾಡುತ್ತಾರೆ? ಮನೆಯವರು ಚಿನ್ನ ಅಡವಿಟ್ಟು ಕಳಿಸಿದ ಹುಡುಗಿಯರು. ಡೈರೆಕ್ಟರೇ ಕಳಿಸಿದ್ದಾರೆ ಎಂದ ಮೇಲೆ ಯಾರು ಬೇಡ ಎನ್ನುತ್ತಾರೆ?

ಓದಿ ಕಲಿತಿದ್ದರೆ ಮಾತು ಮಾತ್ರ ಬರುತ್ತಿತ್ತು. ಕಿವಿಯಿಂದ ಕಲಿತದ್ದರಿಂದ ಎಲ್ಲವೂ ಬಂತು. ಮೇಡಂ ಮೆಸೇಜಿನಲ್ಲಿ ರೈಲ್ವೆ ಸ್ಟೇಷನ್ ಎನ್ನುವ ಮೊದಲು ಸಣ್ಣಗೆ ಗಂಟಲು ಸರಿಪಡಿಸಿಕೊಂಡಿದ್ದರು. ವೀಣೆಯ ಮಾತು ಬಂದಾಗ ಹುಹ್ಹು ಎಂದು ಚಿಕ್ಕದಾಗಿ ನಕ್ಕಿದ್ದರು. ಪರೀಕ್ಷೆಯ ದಿನ ಒಬ್ಬಳ ಹಿಂದೆ ಒಬ್ಬಳು ಹುಡುಗಿ ಒಳಗೆ ಹೋಗಿ, ರೈಲ್ವೆ ಸ್ಟೇಷನ್ನಿನ ಮುಂಚೆ ಗಂಟಲು ಸರಿಪಡಿಸಿಕೊಂಡು, ವೀಣೆಯ ಹತ್ತಿರ ಹುಹ್ಹು ಎಂದು ನಕ್ಕು, ಹೊರಗೆ ಬಂದಳು. ಒಬ್ಬಳಂತೂ ಗಾಬರಿಯಲ್ಲಿ ಮೇಡಂನ ಕೊನೆಯ ಮಾತನ್ನೂ ಬಿಡದೆ ಪರೀಕ್ಷಕರಿಗೇ 'ಓಕೆ ಗರ್ಲ್ಸ್, ಆಲ್ ದ ಬೆಸ್ಟ್' ಎಂದಳಂತೆ. ಇದೆಲ್ಲ ನನಗೆ ಗೊತ್ತಾದದ್ದು ಪರೀಕ್ಷೆ ಮುಗಿದ ಮೇಲೆ, ಹುಡುಗಿಯರ ಬಾಯಿಂದ. ಇದನ್ನು ಹೇಳುವಾಗ ನನಗೆ ನಗು ಬರುತ್ತದೆ. ನಗುತ್ತಿರುವಾಗಲೇ ಮತ್ತೆ ಸಿಟ್ಟು ಬರುತ್ತದೆ.

ಆ ಬ್ಯಾಚಿನ ಹೆಚ್ಚಿನವರ ಫಲಿತಾಂಶ ತಡೆಹಿಡಿದರು. ಒಂದೆರಡು ದಿನದಲ್ಲಿ ಬೆಳ್ತಂಗಡಿ, ಪುತ್ತೂರು, ಕಾಸರಗೋಡಿನ ಕಡೆಯಿಂದ ತಾಯಂದಿರು ಹುಡುಗಿಯರನ್ನು ಕರೆದುಕೊಂಡು ಬಂದು ಸೆಂಟರಿನ ಆಫೀಸು ತುಂಬಿದರು. ವೀಸಾ ಹೋಯಿತು, ಕೆಲಸ ಹೋಯಿತು ಎಂದು ಅಳುವವರು, ಬೈಯುವವರು. ಮೇಡಂ ಎಲ್ಲರಿಗೂ ನೀರು ತರಿಸಿದರು. ಆಮೇಲೆ ಮೃದುವಾಗಿ, ಬಹಳ ಬೇಸರದವರ ದನಿಯಲ್ಲಿ ಹೇಳಿದರು: "ಸ್ಪೀಕಿಂಗ್ ಕ್ಲಾಸ್ ನಾನು ತೆಗೆದುಕೊಳ್ಳುದಲ್ಲ. ಅದು ನಮ್ಮ ಟೀಚರ್ ನೋಡಿಕೊಳ್ಳುದು. ಹಳೇ ಕಾಲದವರಲ್ವಾ, ಬಾಯಿಪಾಠ ಮಾಡಿಸಿ ಅಭ್ಯಾಸ. ನಾನು ಸಹ ಬೇಡ ಅಂತ ಹೇಳಿದ್ದೆ. ಎಂತ ಮಾಡುದು, ನನ್ನ ಫ್ರೆಂಡ್, ಜೋರು ಮಾಡ್ಲಿಕ್ಕೆ ಆಗುದಿಲ್ಲ."

ಟೀಚರ್ ಬಾಗಿಲಲ್ಲೇ ನಿಂತಿದ್ದರು. ಆ ಮಾತು ಅವರಿಗೆ ಪೂರ್ತಿ ಕೇಳಿಸಿತು. ಬೆಳ್ತಂಗಡಿಯ ಹೆಂಗಸೊಬ್ಬರು ತಿರುಗಿ, "ನೀವಾ ಟೀಚರ್? ಎಲ್ಲ ಮಕ್ಕಳಿಗೂ ಒಂದೇ ಕಥೆ ಹೇಳಿಕೊಟ್ಟದ್ದು ನೀವಾ?" ಎಂದರು. ಟೀಚರ್ ಮೇಡಂನ ಮುಖ ನೋಡಿದರು. ಮೇಡಂ ಕಂಪ್ಯೂಟರ್ ನೋಡುತ್ತಿದ್ದರು.

"ಸ್ಪೀಕಿಂಗ್ ಕ್ಲಾಸ್ ನನ್ನದು, ಹೌದು" ಎಂದರು ಟೀಚರ್. ಅಷ್ಟೇ.

ನಾನು ಸುಮ್ಮನಿರಲಿಲ್ಲ. "ಆ ವಾಯ್ಸ್ ಮೆಸೇಜ್ ಹಾಕಿ ಮೇಡಂ, ದನಿ ಯಾರದ್ದು ಅಂತ ಇವರೆಲ್ಲ ಕೇಳ್ಲಿ" ಎಂದು ಕೂಗಿದೆ. "ಯಾವ ಮೆಸೇಜ್?" ಎಂದರು ಮೇಡಂ. ಒಬ್ಬ ಹುಡುಗಿಯ ಮೊಬೈಲು ಕಿತ್ತುಕೊಂಡು ನೋಡಿದೆ. ಗುಂಪಿನಲ್ಲಿ ಮೆಸೇಜನ್ನು ಅಳಿಸಿಯಾಗಿತ್ತು. ಹುಡುಗಿಯರಲ್ಲಿ ಒಬ್ಬಳೂ ತಲೆ ಎತ್ತಲಿಲ್ಲ. ಅವರ ಒರಿಜಿನಲ್ ಸರ್ಟಿಫಿಕೇಟುಗಳೆಲ್ಲ ಮೇಡಂನ ಕಪಾಟಿನಲ್ಲಿದ್ದವು, ಮರುಪರೀಕ್ಷೆಗೂ ಮೇಡಂ ಸಹಿ ಬೇಕಿತ್ತು. ನನ್ನ ಮುಂಗೈಯನ್ನು ಯಾರೋ ಬಿಗಿಯಾಗಿ ಹಿಡಿದರು. ಟೀಚರ್. "ಸುಮ್ಮನಿರು" ಎಂದರು. ಆ ವಾರ ಅವರ ಜೊತೆ ನಾನೂ ಸೆಂಟರ್ ಬಿಟ್ಟೆ.

ಟೀಚರಿಗೆ ಹೋದದ್ದು ಕೆಲಸವಲ್ಲ. ಪಿಂಚಣಿ ಇತ್ತು, ಊಟಕ್ಕೆ ಕೊರತೆ ಇರಲಿಲ್ಲ. ಅವರಿಗೆ ಇದ್ದದ್ದೇ ಒಂದು ಹೆಸರು, ಒಳ್ಳೆಯ ಟೀಚರ್ ಎಂಬ ಹೆಸರು. ಸಂಜೆ ಮನೆಯ ಜಗಲಿಗೆ ಪಾಠಕ್ಕೆ ಬರುತ್ತಿದ್ದ ಮಕ್ಕಳು ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸಿದರು. ಫಲಿತಾಂಶ ಹೋದ ಹುಡುಗಿಯರಿಗೆ ಬಿಟ್ಟಿಯಾಗಿ ಕಲಿಸುತ್ತೇನೆ ಎಂದು ಅವರೇ ಪ್ರತಿ ಮನೆಗೆ ಫೋನ್ ಮಾಡಿದರು. ಬೆಳ್ತಂಗಡಿಯ ತಾಯಿ, "ಒಮ್ಮೆ ನೀವು ಕಲಿಸಿದ್ದು ಸಾಕು ಟೀಚರ್" ಎಂದು ಫೋನ್ ಇಟ್ಟರು. ನಾನು ಪಕ್ಕದಲ್ಲೇ ಇದ್ದೆ. ಟೀಚರ್ ಫೋನನ್ನು ಮಡಿಲಲ್ಲಿಟ್ಟುಕೊಂಡು ಅಂಗಳದ ಕಡೆ ನೋಡುತ್ತ ಕುಳಿತರು. ತಂಗಿ ಚಾ ತಂದಿಟ್ಟರು. ಅದು ತಣ್ಣಗಾಯಿತು.

ಆಗ ನನಗೆ ಅವರ ಮೇಲೆಯೇ ಸಿಟ್ಟು ಬಂತು. ಈಗಲೂ ಪೂರ್ತಿ ಇಳಿದಿಲ್ಲ. "ನಿಮಗೆ ಬಾಯಿಲ್ವಾ ಟೀಚರ್? ಅಷ್ಟು ಜನರ ಎದುರು ಒಂದು ಮಾತು ಹೇಳಿದ್ರೆ ಎಂತ ಆಗ್ತಿತ್ತು?"

"ಅವಳು ನನ್ನ ಫ್ರೆಂಡ್. ಅವಳ ಬಗ್ಗೆ ಬೇರೆಯವರ ಹತ್ತಿರ ನಾನು ಹೇಳ್ಲಿಕ್ಕಿಲ್ಲ."

"ಅವರು ನಿಮ್ಮ ಬಗ್ಗೆ ಹೇಳ್ಲಿಲ್ವಾ?"

"ಅದು ಅವಳ ವಿಷಯ. ಅವಳು ಬರ್ತಾಳೆ. ಬಂದಾಗ ಅವಳಿಗೇ ಹೇಳ್ತೇನೆ."

"ಬರದಿದ್ರೆ?"

"ಬರ್ತಾಳೆ ಮಾರಾಯ್ತಿ. ನಮ್ಮ ಮನೆ ಅವಳಿಗೆ ಗೊತ್ತುಂಟು."

"ನನ್ನನ್ನು ಸುರತ್ಕಲ್‌ಗೆ ಅಟ್ಟಿದ್ರಲ್ಲ, ನೀವು ಯಾಕೆ ಕಂಕನಾಡಿಗೆ ಹೋಗುದಿಲ್ಲ? ಹೋಗಿ ಮುಖಕ್ಕೆ ಹೇಳಿ. ಅದು ನಿಮ್ಮದೇ ಮಾತಲ್ವಾ?"

ಅವರು ಕನ್ನಡಕವನ್ನು ತೆಗೆಯಲಿಲ್ಲ. ಆ ದಪ್ಪ ಗಂಟಲಿನಿಂದ ನಾನು ಕೇಳಿಯೇ ಇರದಷ್ಟು ಸಣ್ಣ ದನಿಯಲ್ಲಿ ಹೇಳಿದರು: "ಹೋಗಿ ಹೇಳುದು. ಅವಳು ನನ್ನ ಮುಖ ನೋಡಿಕೊಂಡೇ, ನಾನು ಹಾಗೆ ಮಾಡ್ಲೇ ಇಲ್ಲ ಅಂದ್ರೆ? ಮತ್ತೆ ಎಂತ ಉಳಿತು ನಮಗೆ?"

ಊರಿಗೆಲ್ಲ ಧೈರ್ಯ ಹೇಳಿದ ಹೆಂಗಸಿಗೆ ಇದ್ದದ್ದು ಅದೊಂದೇ ಹೆದರಿಕೆ. ಹೆಸರು ಹೋದರೂ ಹೋಗಲಿ, ಗೆಳತಿ ಹೋಗಬಾರದು. ಹೀಗೂ ಉಂಟೇ! ಎಂಥ ಗೆಳತಿಗಾಗಿ! ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಗೇಟಿನವರೆಗೆ ಬೈಯುತ್ತಲೇ ಹೋದೆ. ಮರುದಿನ ಮತ್ತೆ ಹೋದೆ, ಬೇರೆ ಯಾರೂ ಹೋಗುತ್ತಿರಲಿಲ್ಲ.

ಮೇಡಂ ಬರಲಿಲ್ಲ. ಕ್ರಿಸ್ಮಸ್ ಬಂತು, ಟೀಚರ್ ಎಂದಿನಂತೆ ತಂಗಿಯ ಜೊತೆ ಕೂತು ಕುಸ್ವಾರ್ ತಿಂಡಿಗಳನ್ನು ಕರಿದು ಮನೆಮನೆಗೆ ಹಂಚಲು ತಟ್ಟೆಗಳಲ್ಲಿ ಜೋಡಿಸಿದರು. ಒಂದು ತಟ್ಟೆಯನ್ನು ಬೇರೆಯಾಗಿ ಮುಚ್ಚಿಟ್ಟರು. ಯಾರಿಗೆಂದು ನಾನು ಕೇಳಲಿಲ್ಲ. ಸೆಂಟರಿನ ಹೊರಗೆ ಹೊಸ ಫ್ಲೆಕ್ಸ್ ಬಂದಿತ್ತು. ಬೇರೆ ಬ್ಯಾಚಿನ ಹುಡುಗಿಯರು, ಬೇರೆ ಫೋಟೋಗಳು.

ಮುಂದಿನ ಮಳೆಗಾಲದಲ್ಲಿ ಟೀಚರಿಗೆ ಎದೆಯಲ್ಲಿ ನೀರು ತುಂಬಿತು. ಕಂಕನಾಡಿಯ ಆಸ್ಪತ್ರೆಯೊಂದರಲ್ಲಿ ಮಲಗಿಸಿದರು. ತಂಗಿಗೂ ವಯಸ್ಸಾಗಿದ್ದರಿಂದ ಹಗಲು ನಾನು ಇರುತ್ತಿದ್ದೆ. ಮಾತಾಡಿದರೆ ಉಸಿರು ಕಟ್ಟುತ್ತಿತ್ತು, ತುಂಡು ತುಂಡಾಗಿ ಹೇಳುತ್ತಿದ್ದರು. ತಲೆ ಮಾತ್ರ ಎಂದಿನಂತೆ ಚುರುಕು. ಒಂದು ದಿನ ಬೆಳಿಗ್ಗೆ ಡ್ಯೂಟಿ ಡಾಕ್ಟರ್ ಬಂದು, "ಇವತ್ತು ಯಾವ ವಾರ ಆಂಟಿ?" ಎಂದು ಕೇಳಿದರೆ, "ಗುರುವಾರ. ನಿಮಗೆ ಗೊತ್ತಿಲ್ವಾ?" ಎಂದಿದ್ದರು.

ಅದೇ ಗುರುವಾರ ಮಧ್ಯಾಹ್ನ ಮೇಡಂ ಬಂದರು, ಮೋಸಂಬಿಯ ಚೀಲ ಹಿಡಿದುಕೊಂಡು. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಟೀಚರ ಕೈ ಹಿಡಿದುಕೊಂಡರು. ಇಬ್ಬರೂ ಕೊಂಕಣಿಯಲ್ಲೇ ಮಾತಾಡಿದ್ದು, ನನಗೆ ಅರ್ಥವಾಗುತ್ತದೆ. "ಮನಸ್ಸಲ್ಲಿ ಎಂತ ಇಟ್ಟುಕೊಳ್ಬೇಡ ಆಯ್ತಾ" ಎಂದರು ಮೇಡಂ. "ನಾವು ಚಿಕ್ಕಂದಿನಿಂದ ಫ್ರೆಂಡ್ಸ್."

"ಇಟ್ಟುಕೊಂಡಿದ್ದೇನೆ" ಎಂದರು ಟೀಚರ್.

ಮೇಡಂ ಕೈ ಹಿಂದೆ ತೆಗೆದುಕೊಳ್ಳಲು ನೋಡಿದರು. ಟೀಚರ್ ಬಿಡಲಿಲ್ಲ.

"ನಿನಗೇ ಅಂತ ಇಟ್ಟದ್ದು. ಬೇರೆ ಯಾರಿಗೂ ಹೇಳ್ಲಿಲ್ಲ. ಈಗ ಕೇಳು." ಉಸಿರು ಎಳೆದುಕೊಂಡರು. "ಬೇಡ ಅಂತ ನಾನು ಹೇಳಿದ್ದೆ. ನೀನು ಆಯ್ತು ಅಂದೆ. ಮತ್ತೆ ನನ್ನ ಬೆನ್ನ ಹಿಂದೆ ಕಳಿಸಿದಿ. ನಿನ್ನ ದನಿ ಅದು. ಆ ತಾಯಂದಿರ ಎದುರು ನನ್ನ ತಲೆಗೆ ಹಾಕಿದಿ." ಮತ್ತೆ ಉಸಿರು. "ಆ ಸಂಜೆ ನೀನು ಮನೆಗೆ ಬರ್ತಿ ಅಂತ ಚಾಕ್ಕೆ ನೀರು ಇಟ್ಟೆ. ಬರ್ಲಿಲ್ಲ. ಮರುದಿನ ಸಹ ಇಟ್ಟೆ." ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. "ನನಗೆ ಸಾರಿ ಬೇಡ. ಮೋಸಂಬಿ ಬೇಡ. ಆ ತಾಯಂದಿರಿಗೆ ಫೋನ್ ಮಾಡು. ಟೀಚರ್ ಕೊಟ್ಟದ್ದಲ್ಲ, ನಾನು ಕೊಟ್ಟದ್ದು ಅಂತ ಹೇಳು. ಒಬ್ಬೊಬ್ಬರಿಗೇ ಹೇಳು. ಅಷ್ಟು ಮಾಡಿ ಬಾ. ನಾವು ಮೊದಲಿನ ಹಾಗೆ ಇರುವ."

ಒಂದು ವರ್ಷದಿಂದ ಆ ಮಾತಿಗಾಗಿ ಕಾದವಳು ನಾನು. ಮೇಡಂನ ಮುಖವನ್ನೇ ನೋಡುತ್ತಿದ್ದೆ. ಒಂದು ಗಳಿಗೆ ಅದು ಅಳುವ ಮುಖವಾಯಿತು, ನಿಜ ಹೇಳುತ್ತೇನೆ. ಹೌದು ಎನ್ನುತ್ತಾರೆ ಎಂದುಕೊಂಡೆ. ಆಮೇಲೆ ಅವರು ಟೀಚರ ಹಣೆ ಮುಟ್ಟಿ, "ರೆಸ್ಟ್ ಮಾಡು, ಆಯಾಸ ಮಾಡಿಕೊಳ್ಬೇಡ" ಎಂದು ಎದ್ದು ಹೊರಗೆ ಹೋದರು.

ಟೀಚರ್ ಬಾಗಿಲ ಕಡೆ ನೋಡುತ್ತ, "ಅವಳಿಗೆ ಮಂಡಿ ನೋವುಂಟು" ಎಂದರು. "ಮೆಟ್ಟಿಲು ಇಳಿಲಿಕ್ಕೆ ಆಗುದಿಲ್ಲ. ಲಿಫ್ಟ್ ತೋರಿಸಿ ಬಾ."

ಹಲ್ಲು ಕಚ್ಚಿಕೊಂಡು ಹೋದೆ. ವರಾಂಡದಲ್ಲಿ ಮೇಡಂ, ಆಗಷ್ಟೇ ಬಂದಿದ್ದ ಟೀಚರ ತಂಗಿಯನ್ನೂ ಡ್ಯೂಟಿ ನರ್ಸನ್ನೂ ನಿಲ್ಲಿಸಿಕೊಂಡು, "ಸಿಸ್ಟರ್, ಅವಳಿಗೆ ಎಂತ ಇಂಜೆಕ್ಷನ್ ಕೊಟ್ಟದ್ದು? ಏನೇನೋ ಮಾತಾಡ್ತಾಳೆ. ನಡೆಯದ್ದೆಲ್ಲ ಹೇಳ್ತಾಳೆ. ತಲೆ ಸರಿ ಇಲ್ಲ ಪಾಪ" ಎನ್ನುತ್ತಿದ್ದರು. "ತಲೆ ಸರಿ ಉಂಟು, ನಿಮಗಿಂತ ಸರಿ ಉಂಟು!" ಎಂದು ನಾನು ಕಿರುಚಿದೆ. ನರ್ಸ್ ನನ್ನನ್ನೇ ಗದರಿಸಿದರು, ರೋಗಿಗಳಿದ್ದಾರೆ ಎಂದು. ಲಿಫ್ಟ್ ಎಲ್ಲಿದೆ ಎಂದು ಮೇಡಂ ನನ್ನನ್ನು ಕೇಳಿದರು. ನಾನು ಮೆಟ್ಟಿಲು ತೋರಿಸಿದೆ. ಅದಕ್ಕೆ ನನಗೆ ಇಂದಿಗೂ ಕಿಂಚಿತ್ತೂ ಬೇಸರವಿಲ್ಲ.

ವರಾಂಡದಲ್ಲಿ ಮೇಡಂ ಆಡಿದ ಮಾತನ್ನು ನಾನು ಟೀಚರಿಗೆ ಹೇಳಲಿಲ್ಲ. ಮರುದಿನ, ಅದರ ಮರುದಿನ, ಬಾಗಿಲು ಸದ್ದಾದಾಗಲೆಲ್ಲ ಅವರು ತಲೆ ಎತ್ತಿ ನೋಡಿದರು. "ಫೋನ್ ಮಾಡ್ಲಿಕ್ಕೆ ಹೊತ್ತು ಬೇಕಲ್ಲ, ತುಂಬ ಜನ ಇದ್ದಾರೆ" ಎಂದರು. ಆ ವಾರ ಮುಗಿಯುವ ಮೊದಲು ಹೋಗಿಬಿಟ್ಟರು.

ಈಗ ಜೆಪ್ಪುವಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು. ಒಳ್ಳೆ ಟೀಚರ್, ಆದರೆ ಕೊನೆಗೆ ತಲೆ ಸರಿ ಇರಲಿಲ್ಲವಂತೆ. ಇಗರ್ಜಿಯಲ್ಲಿ ಹೇಳುತ್ತಾರೆ, ಮೀನಿನ ಅಂಗಡಿಯಲ್ಲಿ ಹೇಳುತ್ತಾರೆ. ಅವರ ಸ್ವಂತ ತಂಗಿಯೂ ಮೊನ್ನೆ ನನ್ನೆದುರು ಹಾಗೆಂದು ಕಣ್ಣೊರೆಸಿಕೊಂಡರು. ಆ ಕೋಣೆಯಲ್ಲಿ ಇದ್ದದ್ದು ನಾವು ಮೂವರೇ. ಒಬ್ಬರು ಮಣ್ಣಿನಲ್ಲಿದ್ದಾರೆ, ಒಬ್ಬರು ಸುಳ್ಳು ಹೇಳುತ್ತಾರೆ. ಉಳಿದವಳು ನಾನು.

ಬೆಳ್ತಂಗಡಿಯ ತಾಯಿ, ಪುತ್ತೂರಿನ ತಾಯಿ, ಕಾಸರಗೋಡಿನವರೇ, ಇದು ನಿಮಗೆ. ಆ ಅನಿತಾಳನ್ನು ನಿಮ್ಮ ಮಕ್ಕಳ ಬಾಯಿಗೆ ಹಾಕಿದ್ದು ಟೀಚರಲ್ಲ. ನಂಬಿಕೆ ಬರದಿದ್ದರೆ ನಿಮ್ಮ ಮಗಳನ್ನು ಕೂರಿಸಿ, ವೀಣೆಯ ಮಾತಿನ ಹತ್ತಿರ ಬರುವ ಆ ಹುಹ್ಹು ನಗು ಯಾರದ್ದೆಂದು ಕೇಳಿ. ಟೀಚರ ತಲೆ ಕೊನೆಯ ಉಸಿರಿನವರೆಗೆ ಸರಿ ಇತ್ತು. ತಲೆ ಕೆಟ್ಟವರಿಗೆ ಗೆಳತಿಯ ಮಂಡಿನೋವು ನೆನಪಿರುವುದಿಲ್ಲ.